ಹೋಗು ಎಂದ ಕೈ

ನಮ್ಮ ಮನೆಯಲ್ಲಿ ತಾತ ಇದ್ದಷ್ಟು ಹೊತ್ತು ಯಾರೂ ಬಾಯಿ ಬಿಡುತ್ತಿರಲಿಲ್ಲ. ಹುಣಸೂರಿನಲ್ಲಿ ಲಕ್ಷ್ಮಣತೀರ್ಥ ಹೊಳೆಗೆ ಇಳಿಯುವ ಬೀದಿಯ ಕಡೇ ಮನೆ ನಮ್ಮದು. ಮುಂದುಗಡೆ ರಾಗಿ, ಹುರುಳಿ ಮಾರುವ ಅಂಗಡಿ, ಅದರ ಹಿಂದೆ ತೊಟ್ಟಿ, ತೊಟ್ಟಿಯ ಈಚೆಗೆ ದೇವರಮನೆ, ಆಚೆಗೆ ಅಡುಗೆಮನೆ. ಅಂಗಡಿಗೂ ತೊಟ್ಟಿಗೂ ನಡುವಿನ ಬಾಗಿಲಲ್ಲಿ ತಾತ ಮಣೆ ಹಾಕಿಕೊಂಡು ಕೂರುತ್ತಿದ್ದರು. ಅಲ್ಲಿ ಕೂತರೆ ಬೀದಿಯಲ್ಲಿ ಹೋಗುವವರೂ ಕಾಣುತ್ತಿದ್ದರು, ಒಲೆ ಮುಂದೆ ಕೂತವರೂ ಕಾಣುತ್ತಿದ್ದರು. ಬೆಳಿಗ್ಗೆ ಲಿಂಗಪೂಜೆ ಮುಗಿಯುವವರೆಗೆ ಮಾತಾಡಬಾರದು ಎಂಬುದು ಹಳೆಯ ಕಟ್ಟಳೆ. ಅಜ್ಜಿ ಸತ್ತ ಮೇಲೆ ಆ ಕಟ್ಟಳೆ ಮೆಲ್ಲಗೆ ಮಧ್ಯಾಹ್ನದವರೆಗೆ ಬಂತು, ಆಮೇಲೆ ಮಲಗುವವರೆಗೂ ಬಂತು ಎಂದು ಅವ್ವ ಹೇಳುತ್ತಿದ್ದಳು. ಗಿರಾಕಿಗಳ ಜೊತೆ ತಾತ ಚೆನ್ನಾಗಿಯೇ ಮಾತಾಡುತ್ತಿದ್ದರು. ಗಾಡಿಯ ಎತ್ತುಗಳ ಜೊತೆಗೂ ಮಾತಾಡುತ್ತಿದ್ದರು. ಅವ್ವನಿಗೆ ಮತ್ತು ನನಗೆ ಮಾತ್ರ ಎಲ್ಲವೂ ಸನ್ನೆಯಲ್ಲೇ. ಒಂದು ಸಲ ಕೆಮ್ಮಿದರೆ ನೀರು, ಎರಡು ಸಲ ಕೆಮ್ಮಿದರೆ ಮಜ್ಜಿಗೆ. ಎಡಗೈ ಬೆರಳಿಂದ ನೆಲ ತಟ್ಟಿದರೆ ಸಾರಿಗೆ ಉಪ್ಪು ಸಾಲದು. ಹೆಗಲ ಮೇಲಿನ ಚೌಕ ತೊಡೆಯ ಮೇಲೆ ಬಂತೆಂದರೆ ಸಿಟ್ಟು ಬಂತೆಂದೇ ಲೆಕ್ಕ, ಆಗ ನಾವು ಅವರ ಕಣ್ಣಿಗೆ ಬೀಳದ ಜಾಗ ಹುಡುಕಿಕೊಳ್ಳಬೇಕು.

ತಾತ ಯಾರಿಗೂ ಒಂದೇಟು ಹೊಡೆದದ್ದನ್ನು ನಾನು ನೋಡಿಲ್ಲ. ಆದರೂ ಅಷ್ಟು ಹೆದರಿಕೆ ಯಾಕೆಂದರೆ, ಅವರ ಸಿಟ್ಟಿನ ಪೆಟ್ಟು ಬೀಳುತ್ತಿದ್ದದ್ದು ತಪ್ಪು ಮಾಡಿದವರ ಮೇಲಲ್ಲ. ನನಗೆ ಏಳೋ ಎಂಟೋ ವರ್ಷ. ಒಂದು ದಿನ ತಾತನಿಗೆ ನೆಗಡಿಯಾಗಿ ಊಟದ ನಡುವೆ ಕೆಮ್ಮು ಬಂತು. ಒಂದು ಕೆಮ್ಮಿಗೆ ನೀರು ತಂದೆ. ಇನ್ನೆರಡು ಕೆಮ್ಮಿಗೆ ಮಜ್ಜಿಗೆ ತಂದೆ. ಆಮೇಲೆ ಮೂರು ಸಲ ಕೆಮ್ಮಿದರು. ಮೂರಕ್ಕೆ ಏನು ತರಬೇಕೋ ಯಾರೂ ಹೇಳಿಕೊಟ್ಟಿರಲಿಲ್ಲ, ಹಾಗಾಗಿ ಉಪ್ಪಿನಕಾಯಿ ಜಾಡಿಯನ್ನೇ ಎತ್ತಿಕೊಂಡು ಓಡಿದೆ. ನಾನು ಅಣಕಿಸುತ್ತಿದ್ದೇನೆ ಎಂದುಕೊಂಡರು. ಮುದ್ದೆಯನ್ನು ಅರ್ಧಕ್ಕೇ ಬಿಟ್ಟು ಎದ್ದವರು ಎರಡು ದಿನ ಮನೆಯಲ್ಲಿ ಒಂದು ತುತ್ತು ಮುಟ್ಟಲಿಲ್ಲ. ಮಾವ ಉಣ್ಣದೆ ಸೊಸೆ ಉಣ್ಣುವ ಹಾಗಿಲ್ಲ. ಅವ್ವ ಎರಡು ದಿನ ಬರೀ ನೀರು ಕುಡಿದುಕೊಂಡು ನನಗೆ ಮಾತ್ರ ಬಡಿಸಿದಳು. ಆವತ್ತಿನಿಂದ ನಾನು ಯಾರ ಕೈ ಎತ್ತ ಆಡಿದರೂ ಮೈಯೆಲ್ಲ ಕಣ್ಣಾಗಿ ನೋಡುವುದನ್ನು ಕಲಿತೆ. ಅಪ್ಪ ವಾರದಲ್ಲಿ ಐದು ದಿನ ಪಿರಿಯಾಪಟ್ಟಣದ ಸಂತೆ, ಕೋಟೆ ಕಡೆಯ ಸಂತೆ ಎಂದು ಗಾಡಿ ಹೊಡೆದುಕೊಂಡು ಹೋಗಿರುತ್ತಿದ್ದರು. ಬಂದಾಗಲೂ ತಾತನ ಎದುರಿಗೆ ಅವರದೂ ಹೂಂ, ಊಹೂಂ ಅಷ್ಟೇ.

ಈ ಮನೆಯಲ್ಲಿ ನಗುತ್ತಿದ್ದವರು ಅಪ್ಪನ ತಮ್ಮ, ನನ್ನ ಚಿಕ್ಕಪ್ಪ ಒಬ್ಬರೇ. ಕೊಡಗಿನ ಕಾಫಿ ತೋಟದಲ್ಲಿ ಬಿಳಿ ದೊರೆಯೊಬ್ಬನ ಹತ್ತಿರ ಮೂರು ವರ್ಷ ರೈಟರಾಗಿದ್ದು, ಮಲೇರಿಯಾ ಹಿಡಿದು, ಕಡ್ಡಿಯಾಗಿ ಮನೆಗೆ ಬಂದಿದ್ದರು. ಅಂಗಡಿಯಲ್ಲಿ ತೂಕ ಹಾಕುತ್ತ ಕೂರುತ್ತಿದ್ದರು. ಅವರು ಬಂದ ವರ್ಷದ ಬೇಸಿಗೆಯಲ್ಲಿ ಸಂತೆ ಮಾಳಕ್ಕೆ ಒಂದು ಟೆಂಟು ಸಿನಿಮಾ ಬಂತು. ಸಿನಿಮಾ ಎಂದರೆ ನಮ್ಮ ತಾತನಿಗೆ ಹೆಂಡದಂಗಡಿ ಇದ್ದ ಹಾಗೆ. ಮಠದಲ್ಲಿ ಪುರಾಣ ಓದಿಸುತ್ತಾರೆ, ಕೂಸನ್ನು ಕರೆದುಕೊಂಡು ಹೋಗುತ್ತೇನೆ ಎಂದು ಚಿಕ್ಕಪ್ಪ ತಾತನ ಮುಂದೆ ನಿಂತು ಹೇಳಿದರು. ತಾತ ವಿಭೂತಿ ಗಟ್ಟಿಯ ಕಡೆ ಕಣ್ಣು ಹೊರಳಿಸಿದರು. ಹಚ್ಚಿಕೊಂಡು ಹೋಗಿ ಎಂದರ್ಥ. ಹಣೆ ತುಂಬ ವಿಭೂತಿ ಬಳಿದುಕೊಂಡು ನಾನು ಮೊದಲ ಸಲ ಸಿನಿಮಾಕ್ಕೆ ಹೋದೆ. ದಾರಿಯುದ್ದಕ್ಕೂ ಹಿಂದಕ್ಕೆ ತಿರುಗಿ ತಿರುಗಿ ನೋಡುತ್ತಿದ್ದೆ.

ಆಗಿನ್ನೂ ಚಿತ್ರಗಳಿಗೆ ಮಾತು ಬಂದಿರಲಿಲ್ಲ, ನಮ್ಮೂರಿಗೆ ಬರುತ್ತಿದ್ದವಂತೂ ಎಲ್ಲ ಮೂಕಿ. ಟೆಂಟಿನೊಳಗೆ ಬೀಡಿ ಹೊಗೆ, ಎಣ್ಣೆ ದೀಪದ ವಾಸನೆ, ಕೂರಲು ಮರಳು ನೆಲ. ಪರದೆಯ ಪಕ್ಕದಲ್ಲಿ ಒಬ್ಬ ಮನುಷ್ಯ ಕೋಲು ಹಿಡಿದು ನಿಂತು ಕಥೆಯನ್ನು ಕೂಗಿ ಹೇಳುತ್ತಿದ್ದ. ದೀಪ ಆರಿಸಿದರು. ಬಿಳಿ ಬಟ್ಟೆಯ ಮೇಲೆ ನಮ್ಮ ಮನೆ ಬಾಗಿಲಿಗಿಂತ ದೊಡ್ಡದೊಂದು ಹೆಂಗಸಿನ ಮುಖ ಬಂತು. ಅದು ಬಾಯಿ ತೆರೆಯಿತು, ಮುಚ್ಚಿತು, ಮತ್ತೆ ತೆರೆಯಿತು. ಒಂದು ಸದ್ದೂ ಇಲ್ಲ. ನನಗೆ ಅಳು ಬಂದು ಚಿಕ್ಕಪ್ಪನ ತೋಳು ಹಿಡಿದುಕೊಂಡೆ.

"ಚಿಕ್ಕಪ್ಪ, ಇವ್ರ ಮನೇಲೂ ತಾತ ಅವ್ರಾ?"

ಚಿಕ್ಕಪ್ಪ ನಕ್ಕ ನಗುವಿಗೆ ಮುಂದೆ ಕೂತವರು ತಿರುಗಿ ಗದರಿಸಿದರು.

"ಬಾಯ್ ನೋಡ್ಬ್ಯಾಡ ಕೂಸೇ, ಕೈ ನೋಡು. ಬಾಯಿ ಸುಳ್ಳಾಡ್ತದೆ. ಕೈಗೆ ಸುಳ್ಳಾಡಾಕೆ ಬರಾಕಿಲ್ಲ ಕಣವ್ವ."

ಟೆಂಟು ಇದ್ದ ಒಂದೂವರೆ ತಿಂಗಳಲ್ಲಿ ನಾವು ಆರೇಳು ಸಲ "ಪುರಾಣ"ಕ್ಕೆ ಹೋಗಿಬಂದೆವು. ಚಿಕ್ಕಪ್ಪ ಕಿವಿಯಲ್ಲಿ ಹೇಳಿಕೊಡುತ್ತಿದ್ದರು. ಮಂತ್ರಿ ರಾಜನಿಗೆ ಬಗ್ಗಿ ಕೈ ಮುಗಿಯುತ್ತಾನೆ, ಆದರೆ ಅವನ ಹೆಬ್ಬೆರಳು ನೋಡು, ಹೇನು ಕುಕ್ಕಿದ ಹಾಗೆ ಒತ್ತುತ್ತಿದೆ. ಇವನು ಮೋಸ ಮಾಡುತ್ತಾನೆ. ಸ್ವಲ್ಪ ಹೊತ್ತಿಗೆ ಮಂತ್ರಿ ಮೋಸ ಮಾಡಿಯೇ ಬಿಡುತ್ತಿದ್ದ. ರಾಣಿ ನಗುತ್ತ ಮಾತಾಡುತ್ತಾಳೆ, ಆದರೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಗಿಯುತ್ತಿದ್ದಾಳೆ, ಅವಳಿಗೆ ಭಯವಾಗಿದೆ. ಇನ್ನೊಂದರಲ್ಲಿ ಮಗನನ್ನು ಕಳೆದುಕೊಂಡ ಮುದುಕನೊಬ್ಬ ನಮಗೆ ಬೆನ್ನು ಮಾಡಿ ಕೂತಿದ್ದ. ಮುಖವೇ ಕಾಣದು. ಭುಜ ಮಾತ್ರ ಸಣ್ಣಗೆ ಮೇಲೆ ಕೆಳಗೆ ಆಡುತ್ತಿತ್ತು. ಬೆನ್ನಿಗೂ ಅಳು ಬರುತ್ತದೆ ಎಂದು ನನಗೆ ತಿಳಿದದ್ದು ಆವತ್ತು. ಮಾರನೆಯ ದಿನ ಅಡುಗೆಮನೆ ಬಾಗಿಲಲ್ಲಿ ನಿಂತಿದ್ದೆ. ಅವ್ವ ನನಗೆ ಬೆನ್ನು ಮಾಡಿಕೊಂಡು ಹಿಟ್ಟಿನ ಕೋಲಿನಲ್ಲಿ ಮುದ್ದೆ ತೊಳಸುತ್ತಿದ್ದಳು. ಕೋಲು ನಿಂತ ಮೇಲೂ ಅವಳ ಭುಜ ಆಡುತ್ತಲೇ ಇತ್ತು. ಹಿಂದಿನ ವರ್ಷ ನನ್ನ ತಮ್ಮ ಜ್ವರ ಬಂದು ತೀರಿಹೋಗಿದ್ದ. ಅವ್ವ ಅತ್ತದ್ದನ್ನು ನಾನು ನೋಡಿಯೇ ಇರಲಿಲ್ಲ, ಅವಳು ಮರೆತಿದ್ದಾಳೆ ಎಂದುಕೊಂಡಿದ್ದೆ. ದಿನಾ ನನ್ನ ಕಣ್ಣೆದುರಿಗೇ ಅಳುತ್ತಿದ್ದಳು, ನನಗೆ ನೋಡಲು ಬರುತ್ತಿರಲಿಲ್ಲ ಅಷ್ಟೇ. ನೋಡಲು ಬಂದ ಮೇಲೆ ನನ್ನ ಹೆದರಿಕೆ ಇನ್ನೂ ಜಾಸ್ತಿಯಾಯಿತು. ಅವ್ವ ಎಲ್ಲಿಗೆ ಹೊರಟರೂ ಬಾಗಿಲವರೆಗೆ ಹಿಂದೆಯೇ ಹೋಗುತ್ತಿದ್ದೆ, ಬರುವುದು ಹತ್ತು ನಿಮಿಷ ತಡವಾದರೆ ಬೀದಿಗೆ ಓಡಿ ನೋಡುತ್ತಿದ್ದೆ.

ಟೆಂಟು ಕೀಳುವ ಮುಂಚಿನ ವಾರ ಬಿಳಿ ದೊರೆಗಳ ದೇಶದ ಒಂದು ಚಿತ್ರ ಹಾಕಿದರು. ಅದರಲ್ಲಿ ಒಬ್ಬ ತಾಯಿ. ಮಗನ ಮೇಲೆ ಸುಳ್ಳು ಅಪವಾದ ಬಂದು ಪೊಲೀಸರು ಹಿಡಿಯಲು ಬರುತ್ತಿದ್ದಾರೆ. ಮಗ ಬೇಲಿಯಾಚೆ ನಿಂತಿದ್ದಾನೆ. ತಾಯಿ ಬಾಗಿಲಿಗೆ ಬಂದು, ಕೈ ಮುಂದೆ ಚಾಚಿ, ಅಂಗೈ ಕೆಳಗೆ ಮಾಡಿ, ಬೆರಳುಗಳನ್ನು ಬೀಸಿ ಬೀಸಿ ಆಡಿಸಿದಳು. ಮಗ ಕಣ್ಣೊರೆಸಿಕೊಂಡು ಬೆನ್ನು ತಿರುಗಿಸಿ ಓಡಿದ. ಕೋಲು ಹಿಡಿದವನು ಕೂಗಿದ:

"ನೋಡಿ ಮಹಾಜನಗಳೇ! ಹೆತ್ತ ತಾಯಿ ಬಾ ಮಗನೇ ಬಾ ಎಂದು ಕರೆಯುತ್ತಿದ್ದಾಳೆ. ಪಾಪಿ ಮಗ ತಿರುಗಿಯೂ ನೋಡದೆ ಓಡುತ್ತಿದ್ದಾನೆ!"

ಟೆಂಟಿನ ಜನಕ್ಕೆಲ್ಲ ರೇಗಿಹೋಯಿತು. ನಮ್ಮ ಕಡೆ ಯಾರನ್ನಾದರೂ ಕರೆಯಬೇಕಾದರೆ ಅಂಗೈ ಕೆಳಗೆ ಮಾಡಿಯೇ ಬೆರಳಾಡಿಸುವುದು. ನಿಮಗೂ ಗೊತ್ತು, ಬೇಕಾದರೆ ಮಾಡಿ ನೋಡಿ. ಹಿಂದಿನಿಂದ ಒಬ್ಬ ಎದ್ದು ನಿಂತು ಪರದೆಗೇ ಬೈದ.

"ಲೇ ಅಡ್ನಾಡಿ, ಅವ್ವ ಕರೀತಾವ್ಳೆ, ಕಣ್ ಕಾಣಾಕಿಲ್ವೇನ್ಲಾ?"

ಚಿಕ್ಕಪ್ಪ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಬರುವಾಗ ದಾರಿಯಲ್ಲಿ ವಿವರಿಸಿದರು.

"ಅವ್ಳು ಕರೀತಿರ್ಲಿಲ್ಲ ಕೂಸೇ. ಓಗು, ಓಗು, ಇಲ್ಲಿ ಬರಬ್ಯಾಡ ಅಂತಿದ್ಲು. ದೊರೆಗಳು ಅಂಗೆ ಕೈ ಬೀಸುದ್ರೆ ಓಗು ಅಂತ. ಕರೀಬೇಕಾದ್ರೆ ಅಂಗೈ ಮ್ಯಾಕ್ ಮಾಡಿ ಒಂದ್ ಬೆರಳು ಮಡಿಚ್ತಾರೆ. ನಾನು ತೋಟಕ್ಕೋದ ಮೊದಲ್ನೇ ದಿನ ದೊರೆ ಓಗು ಅಂದ, ನಾನು ಅತ್ರಕ್ಕೋದೆ. ಇನ್ನೂ ಜೋರಾಗಿ ಓಗು ಅಂದ, ನಾನು ಇನ್ನೂ ಅತ್ರಕ್ಕೋದೆ. ಬೂಟುಗಾಲಲ್ಲಿ ಒದ್ದ."

ಇಡೀ ಹುಣಸೂರಿಗೆ ಗೊತ್ತಿಲ್ಲದ್ದು ನಮ್ಮಿಬ್ಬರಿಗೆ ಮಾತ್ರ ಗೊತ್ತು ಎಂದು ನನಗೆ ಕೊಂಬು ಬಂತು. ಅದೇ ನಮ್ಮ ಆಟವಾಯಿತು. ತಾತ ಪೂಜೆಗೆ ಕೂತಾಗ ನಾನು ಅಂಗಡಿ ಬಾಗಿಲಲ್ಲಿ ಇಣುಕುತ್ತಿದ್ದೆ. ತಾತ ಏಳುವ ಸದ್ದಾದರೆ ಚಿಕ್ಕಪ್ಪ ತಕ್ಕಡಿ ಹಿಂದಿನಿಂದ ಅಂಗೈ ಕೆಳಗೆ ಮಾಡಿ ಬೀಸುತ್ತಿದ್ದರು, ನಾನು ಓಡುತ್ತಿದ್ದೆ. ನಾನು ಬೀಸಿದರೆ ಅವರು ಬೀಡಿ ನಂದಿಸುತ್ತಿದ್ದರು. ತಾತ ಅದನ್ನು ನೋಡಿದರೂ ಕೂಸನ್ನು ಕರೆಯುತ್ತಿದ್ದಾನೆ ಎಂದುಕೊಳ್ಳಬೇಕು, ಅದೇ ಅದರ ಮಜ. ಟೆಂಟು ಹೋಯಿತು, ಮಳೆಗಾಲ ಬಂತು, ಆಟ ನಿಲ್ಲಲಿಲ್ಲ. ತಿಂಗಳೆರಡರಲ್ಲಿ ಆ ಸನ್ನೆ ನನ್ನ ಕೈಗೆ ಎಷ್ಟು ರೂಢಿಯಾಯಿತೆಂದರೆ, ಬೆಕ್ಕು ಹಾಲಿನ ಹತ್ತಿರ ಬಂದರೂ ನಾನು ಹುಶ್ ಅನ್ನದೆ ಕೈ ಬೀಸುತ್ತಿದ್ದೆ.

ಹೊಳೆಯಾಚೆ ನಮ್ಮದೊಂದು ತುಂಡು ಹೊಲವಿತ್ತು. ಮನೆಗೆಲಸ ಮುಗಿಸಿ ಅವ್ವ ಅಲ್ಲಿಗೆ ಸೊಪ್ಪು ಕೊಯ್ಯಲು ಹೋಗುತ್ತಿದ್ದಳು. ಮನೆಯ ಕೆಳಗೆ ಹೊಳೆಯಲ್ಲಿ ದಾಟುಗಲ್ಲುಗಳಿದ್ದವು, ನೀರು ಕಡಿಮೆಯಿದ್ದಾಗ ಸೀರೆ ಮೊಣಕಾಲಿಗೆ ಎತ್ತಿ ಕಟ್ಟಿದರೆ ದಾಟಬಹುದು. ಆವತ್ತು ನಮ್ಮೂರಲ್ಲಿ ಒಂದು ಹನಿ ಮಳೆಯಿಲ್ಲ, ಬಿಸಿಲು. ಮಧ್ಯಾಹ್ನ ಇಳಿಯುವ ಹೊತ್ತು. ಅವ್ವ ಬರುವುದನ್ನು ಕಾಯುತ್ತ ನಾನು ದಡದ ಮೇಲಿನ ಬಂಡೆ ಹತ್ತಿ ನಿಂತಿದ್ದೆ. ಕೆಳಗೆ ಸ್ವಲ್ಪ ದೂರದಲ್ಲಿ, ಹೊಂಗೆಮರದ ಹತ್ತಿರ, ಪಾತ್ರೆಗೆ ಕಲಾಯಿ ಹಾಕುವ ಸಾಬರು ತಾಮ್ರದ ಹಂಡೆಯೊಂದನ್ನು ಮರಳಲ್ಲಿ ಉಜ್ಜುತ್ತಿದ್ದರು. ನಮ್ಮ ಬೀದಿಯವರೇ, ನಮ್ಮ ಮನೆಯ ಪಾತ್ರೆಗಳೆಲ್ಲ ಅವರ ಕೈಯಲ್ಲೇ ಬೆಳ್ಳಗಾಗುತ್ತಿದ್ದದ್ದು. ಆಚೆ ದಡದಲ್ಲಿ ಅವ್ವ ಸೊಪ್ಪಿನ ಮಂಕರಿ ತಲೆ ಮೇಲಿಟ್ಟುಕೊಂಡು ಬರುವುದು ಕಂಡಿತು. ಅದೇ ಹೊತ್ತಿಗೆ ಬಂಡೆಯ ಮೇಲಿಂದ ನನಗೆ ಇನ್ನೊಂದು ಕಂಡಿತು. ಮೇಲುಗಡೆ ಹೊಳೆ ತಿರುಗುವ ಕಡೆ ನೀರು ಕೆಂಪಾಗಿತ್ತು. ಕಸಕಡ್ಡಿ, ನೊರೆ, ಬೇರುಸಮೇತ ಒಂದು ಬಿದಿರುಮೆಳೆ ಹೊತ್ತುಕೊಂಡು ಆ ಕೆಂಪು ಕೆಳಕ್ಕೆ ಬರುತ್ತಿತ್ತು. ಕೊಡಗಿನಲ್ಲಿ ಸುರಿದ ಮಳೆ ನಮ್ಮೂರ ಬಿಸಿಲಿನಲ್ಲಿ ಬಂದು ಸೇರುವುದು ಹೀಗೆಯೇ.

ನಾನು ಕೂಗಬೇಕಿತ್ತು. ಈಗ ಯಾರು ಕೇಳಿದರೂ ಅದನ್ನೇ ಹೇಳುತ್ತಾರೆ, ನಾನೂ ನನಗೆ ಅದನ್ನೇ ಹೇಳಿಕೊಂಡಿದ್ದೇನೆ. ಆದರೆ ಕೂಗಿ ಅಭ್ಯಾಸವಿಲ್ಲದ ಮನೆಯಲ್ಲಿ ಬೆಳೆದ ಗಂಟಲು ಹೆದರಿದಾಗ ಇನ್ನೂ ಮುಚ್ಚಿಕೊಳ್ಳುತ್ತದೆ. ಬಾಯಿ ತೆರೆದೆ, ಸದ್ದು ಬರಲಿಲ್ಲ. ಕೈ ತಾನಾಗಿಯೇ ಎದ್ದಿತು. ಅಂಗೈ ಕೆಳಗೆ ಮಾಡಿ, ಬೆರಳು ಬೀಸಿ, ಹೋಗು, ಹೋಗು, ಹಿಂದಕ್ಕೆ ಹೋಗು ಎಂದೆ.

ದಾಟುಗಲ್ಲಿನ ಹತ್ತಿರ ಬಂದಿದ್ದ ಅವ್ವ ನಿಂತಳು. ಒಂದು ಸಲ ಮೇಲುಗಡೆ ನೋಡಿದಳು. ಒಂದು ಸಲ ನನ್ನನ್ನು ನೋಡಿದಳು. ಮಂಕರಿಯನ್ನು ಅಲ್ಲೇ ಕುಕ್ಕಿ, ಸೀರೆ ಎತ್ತಿ ಕಟ್ಟಿ, ನೀರಿಗಿಳಿದಳು. ನನಗೆ ಏನಾಗುತ್ತಿದೆ ಎಂದೇ ತಿಳಿಯಲಿಲ್ಲ. ಇನ್ನೂ ಜೋರಾಗಿ ಬೀಸಿದೆ. ಅವಳು ಇನ್ನೂ ಬೇಗ ಬಂದಳು. ಎರಡೂ ಕೈಯಲ್ಲಿ ಬೀಸಿದೆ. ಅವಳು ಕಲ್ಲು ಬಿಟ್ಟು ನೀರಿನಲ್ಲೇ ಓಡಿದಳು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅನ್ನುತ್ತಾರಲ್ಲ, ಆ ಗಾದೆಯನ್ನು ಯಾರು ಎಲ್ಲಿ ಅಂದರೂ ನಾನು ಎದ್ದು ಹೋಗುತ್ತೇನೆ. ಅವ್ವ ಹೊಳೆಯ ನಡುವಿಗೆ ಬಂದಾಗ ಕೆಂಪು ನೀರೂ ಅಲ್ಲಿಗೆ ಬಂತು. ಮೊದಲು ಸೊಂಟ, ಆಮೇಲೆ ಎದೆ, ಆಮೇಲೆ ಒಂದು ಕೈ ಮಾತ್ರ ಕಂಡಿತು.

"ಅಯ್ಯೋ ಅಲ್ಲಾ! ತಂಗ್ಯವ್ವಾ, ಮರ ಇಡ್ಕೋ! ಮರ ಇಡ್ಕೋ!"

ಕೂಗಿದವರು ಸಾಬರು. ಹಂಡೆ ಬಿಸಾಡಿ, ತಲೆಯ ರುಮಾಲು ಬಿಚ್ಚಿ, ಒಂದು ತುದಿಯನ್ನು ಹೊಂಗೆಯ ಬೇರಿಗೆ ಸುತ್ತಿ, ಇನ್ನೊಂದು ತುದಿ ಹಿಡಿದು ಎದೆಮಟ್ಟ ನೀರಿಗೆ ಇಳಿದರು. ಅವ್ವ ಕೊಚ್ಚಿಕೊಂಡು ಬಂದು ಆ ಬೇರುಗಳಿಗೆ ಬಡಿದಳು. ಅವಳ ತುರುಬನ್ನು ಹಿಡಿದರೋ ತೋಳನ್ನು ಹಿಡಿದರೋ ನನಗೆ ಕಾಣಲಿಲ್ಲ, ನಾನು ಕಣ್ಣು ಮುಚ್ಚಿಕೊಂಡಿದ್ದೆ. ತೆರೆದಾಗ ಅವ್ವ ಮರಳಿನ ಮೇಲೆ ಬೋರಲು ಬಿದ್ದು ನೀರು ಕಕ್ಕುತ್ತಿದ್ದಳು. ಸಾಬರ ಹಂಡೆ ಹೋಗಿತ್ತು.

ಜನ ಸೇರಿ ಅವ್ವನನ್ನು ಎತ್ತಿ ತಂದು ತೊಟ್ಟಿಯಲ್ಲಿ ಮಲಗಿಸಿದರು. ಹಣೆ ಒಡೆದು ರಕ್ತ ಬರುತ್ತಿತ್ತು. ತಾತ ಮಣೆಯಿಂದ ಎದ್ದಿದ್ದರು. ಚಿಕ್ಕಪ್ಪ ಅಂಗಡಿ ಬಾಗಿಲು ಹಿಡಿದು ನಿಂತಿದ್ದರು. ಒದ್ದೆ ಬಟ್ಟೆಯಲ್ಲಿ ನಡುಗುತ್ತ ಸಾಬರು ನಡೆದದ್ದನ್ನು ನಡೆದ ಹಾಗೆ ಹೇಳಿದರು. ಅವರ ಮನಸ್ಸಿನಲ್ಲಿ ಯಾವ ಕಲ್ಮಶವೂ ಇರಲಿಲ್ಲ.

"ಈ ಕೂಸು ಬಂಡೆ ಮ್ಯಾಲೆ ನಿಂತ್ಕಂಡು ಕೈ ಬೀಸಿ ಕರೀತಿತ್ತು ಯಜಮಾನ್ರೇ. ನಾನೇ ನೋಡ್ದೆ. ಅದುಕ್ಕೇ ತಂಗ್ಯವ್ವ ಇಳಿದುಬುಟ್ರು."

ಎಲ್ಲರೂ ನನ್ನ ಕಡೆ ತಿರುಗಿದರು. ತಾತನ ಹೆಗಲ ಚೌಕ ಕೈಗೆ ಬಂತು. ಚಿಕ್ಕಪ್ಪನ ಮುಖ ನೋಡಿದೆ. ಅವರು ತಮ್ಮ ಬಲಗೈಯನ್ನು ಮೆಲ್ಲಗೆ ಎತ್ತಿ, ಅಂಗೈ ಕೆಳಗೆ ಮಾಡಿ, ಆ ಕೈಯನ್ನೇ ನೋಡುತ್ತಿದ್ದರು. ಅವರಿಗೆ ಗೊತ್ತಾಗಿಹೋಗಿತ್ತು. ಆ ಮನೆಯಲ್ಲಿ ನಿಜ ಗೊತ್ತಿದ್ದವರು ನಾವಿಬ್ಬರೇ. ನಿಜ ಹೇಳಿದರೆ ಟೆಂಟು ಹೊರಬರುತ್ತದೆ, ಮಠದ ಪುರಾಣ ಹೊರಬರುತ್ತದೆ, ಜ್ವರದ ಚಿಕ್ಕಪ್ಪ ಬೀದಿಗೆ ಬೀಳುತ್ತಾರೆ. ಹೇಳದಿದ್ದರೆ ಅವ್ವನನ್ನು ಕೊಲ್ಲಲು ಕರೆದವಳು ನಾನು. ಬಾಯಲ್ಲಿ ಬಿಸಿತುಪ್ಪ ಇಟ್ಟುಕೊಂಡ ಹಾಗೆ ನಿಂತೆ. ಹುಟ್ಟಿದ ಮೇಲೆ ಮೊದಲ ಸಲ ತಾತ ನನ್ನೊಡನೆ ಮಾತಾಡಿದರು.

"ಯಾಕ್ ಕರ್ದೆ?"

ಚೌಕ ಹಿಡಿದ ಅವರ ಕೈ ಗಡಗಡ ನಡುಗುತ್ತಿತ್ತು. ಅದು ಬರೀ ಸಿಟ್ಟಲ್ಲ, ಅವರಿಗೂ ಭಯವಾಗಿದೆ ಎಂದು ನನಗೆ ಕಂಡಿತು. ಕಂಡರೂ ಉಪಯೋಗವಿರಲಿಲ್ಲ. ನನ್ನ ಲಂಗ ಒದ್ದೆಯಾಯಿತು. ಆಗ ನೆಲದ ಮೇಲಿಂದ ಅವ್ವ ಮಾತಾಡಿದಳು. ಅವಳೂ ತಾತನ ಎದುರು ದನಿ ತೆಗೆದದ್ದನ್ನು ನಾನು ಕೇಳಿದ್ದು ಅದೇ ಮೊದಲು.

"ಕೂಸ್ದೇನೂ ತಪ್ಪಿಲ್ಲ ಮಾವ. ನಾನೇ ಯೋಳಿದ್ದೆ. ಒಲೆ ಮ್ಯಾಲೆ ಆಲಿಟ್ಟೋಗಿದ್ದೆ, ಉಕ್ಕುದ್ರೆ ಕರಿ ಅಂದಿದ್ದೆ."

ಆವತ್ತು ಒಲೆಯ ಮೇಲೆ ಹಾಲು ಇರಲಿಲ್ಲ. ಒಲೆಯೇ ಹಚ್ಚಿರಲಿಲ್ಲ, ಮಣೆಯಿಂದ ತಾತನಿಗೆ ಒಲೆ ಕಾಣುತ್ತದೆ. ತಾತ ಅಡುಗೆಮನೆಯ ಕಡೆ ಒಂದು ಸಲ ನೋಡಿದರು, ಅವ್ವನನ್ನು ನೋಡಿದರು. ಆಮೇಲೆ ಆ ಚೌಕವನ್ನೇ ಮಡಚಿ ಅವ್ವನ ಹಣೆಗೆ ಒತ್ತಿಕೊಳ್ಳಲು ಕೊಟ್ಟು, ಸಾಬರನ್ನು ಅಂಗಡಿಗೆ ಕರೆದುಕೊಂಡು ಹೋದರು. ಸಾಬರಿಗೆ ಒಣ ಪಂಚೆ ಕೊಡಲು ಚಿಕ್ಕಪ್ಪನಿಗೆ ಹೇಳುವುದು ಕೇಳಿಸಿತು. ಚಿಕ್ಕಪ್ಪ ಆಮೇಲೆ ನನ್ನೊಡನೆ ಎಂದೂ ಆ ಆಟ ಆಡಲಿಲ್ಲ. ಹೊಳೆ ಇಳಿದ ಮೇಲೆ ಮತ್ತೆ ಕೊಡಗಿಗೇ ಹೋಗಿಬಿಟ್ಟರು.

ದೀಪ ಹಚ್ಚುವ ಹೊತ್ತಿಗೆ ಎಲ್ಲರೂ ಹೊರಟರು. ಅವ್ವನ ಮಗ್ಗುಲಲ್ಲಿ ನಾನೊಬ್ಬಳೇ ಕೂತೆ. ನಿಜ ಹೇಳಿಬಿಡಬೇಕು, ಅವ್ವನಿಗಾದರೂ ಹೇಳಬೇಕು ಎಂದು ಒಳಗೊಳಗೇ ಸಿದ್ಧ ಮಾಡಿಕೊಳ್ಳುತ್ತಿದ್ದೆ. ನಾನು ಕರೆಯಲಿಲ್ಲವ್ವ, ಹೋಗು ಅಂದೆ, ದೊರೆಗಳ ಸನ್ನೆ, ಚಿಕ್ಕಪ್ಪನಿಗೆ ಗೊತ್ತು. ಅಷ್ಟರಲ್ಲಿ ಅವಳೇ ಕಣ್ಣು ತೆರೆದಳು.

"ಯಾಕವ್ವ ಕರ್ದೆ? ಭಯ ಆಯ್ತಾ?"

ನಾನು ಹೂಂ ಅಂದೆ. ಭಯವಾದದ್ದಂತೂ ಸುಳ್ಳಲ್ಲ. ಅವ್ವ ನನ್ನ ಕೈ ಎಳೆದು ತನ್ನ ಕೆನ್ನೆಯ ಕೆಳಗಿಟ್ಟುಕೊಂಡಳು.

"ನಂಗೂ ಆಯ್ತು. ಕೆಂಪ್ ನೀರು ಬರಾದು ನಂಗೂ ಕಾಣ್ತಿತ್ತು ಕಣವ್ವ. ದಾಟಾಕಾಗಲ್ಲ ಅಂತ ಗೊತ್ತಾಯ್ತು. ಆದ್ರೆ ನೀ ಕರೀತಿದ್ಯಲ್ಲ."

ಸಿದ್ಧ ಮಾಡಿಕೊಂಡಿದ್ದ ಮಾತು ಅಲ್ಲೇ ನಿಂತಿತು. ಅವ್ವ ಆಮೇಲೆ ಬಹಳ ವರ್ಷ ಬದುಕಿದಳು. ಅಳಿಯನ ಮುಂದೆ, ಮೊಮ್ಮಕ್ಕಳ ಮುಂದೆ, ಹಣೆಯ ಗಾಯ ತೋರಿಸಿ ಅದನ್ನೇ ಹೇಳುತ್ತಿದ್ದಳು: ನನ್ನ ಮಗಳು ಕರ್ದ್ಲು, ನಾನು ಹೋದೆ. ಹೇಳುವಾಗ ಅವಳ ಮುಖದಲ್ಲಿ ಬೇರೆ ಯಾವ ಮಾತಿಗೂ ಬರದ ಒಂದು ಹೆಮ್ಮೆ ಬರುತ್ತಿತ್ತು. ನಾನು ತಲೆ ತಗ್ಗಿಸಿ ಕೂತಿರುತ್ತಿದ್ದೆ. ಕರೆದಿರಲಿಲ್ಲ ಎಂದು ಅವಳಿಗೆ ಕೊನೆಯವರೆಗೂ ಹೇಳಲಿಲ್ಲ.